ಏರಿ ಇಳಿಯುವ ಒಂದು ಸಂಖ್ಯೆ

ಕಾಗದ, ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. 12345654321 ಎಂದು ಬರೆಯಿರಿ. ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಅಂಕಿಗಳ ಸಾಲು ಒಂದೇ. ಬಾಯಿಬಿಟ್ಟು ಓದುವುದಾದರೆ 1234 ಕೋಟಿ 56 ಲಕ್ಷ 54 ಸಾವಿರದ 321.

ಈ ಸಂಖ್ಯೆ ನಮ್ಮ ನಾಡಿಗೆ ಹಳೆಯದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇದು ಬರುತ್ತದೆ. ಅದೇ ಅರಸನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ಊರುಗಳಲ್ಲಿ ಪುಲಿಗೆರೆಯನ್ನು ಹೆಸರಿಸುತ್ತದೆ. ಧಾರವಾಡದ ಓದುಗರಿಗೆ ಪುಲಿಗೆರೆಯ ಪರಿಚಯ ಬೇಕಿಲ್ಲ. ಅದೇ ಇಂದಿನ ಲಕ್ಷ್ಮೇಶ್ವರ. ಕನ್ನಡದ ಮೊದಲ ಲಭ್ಯ ಗ್ರಂಥವೂ ಈ ಲೆಕ್ಕವೂ ಒಬ್ಬನೇ ಅರಸನ ಕಾಲದವು. ಮೊದಲನೆಯದನ್ನು ನಾವು ಓದಿ ಬಲ್ಲೆವು, ಎರಡನೆಯದನ್ನು ಅಷ್ಟಾಗಿ ಮಾತಾಡುವುದಿಲ್ಲ.

ಆಚಾರ್ಯರು ಕೊಟ್ಟ ಲೆಕ್ಕ ಇದು: 27994681 ಅನ್ನು 441ರಿಂದ ಗುಣಿಸಿ. ಬರುವ ಉತ್ತರವು ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುತ್ತದೆ ಎನ್ನುತ್ತಾರೆ. ಇಂಥ ಉತ್ತರಗಳನ್ನು ಕೊರಳ ಹಾರಕ್ಕೆ ಹೋಲಿಸಿದ್ದಾರೆ.

441 ಎಲ್ಲಿಂದ ಬಂತು? ಅದು 21ರ ವರ್ಗ. 27994681 ಎಂಬುದು 5291ರ ವರ್ಗ. 21 ಅನ್ನು 5291ರಿಂದ ಗುಣಿಸಿದರೆ 111111. ಹಾಗಾಗಿ ಉತ್ತರವು 111111ರ ವರ್ಗವಾಗಲೇಬೇಕು.

ಇನ್ನು 111111 ಅನ್ನು ಅದರಿಂದಲೇ ಶಾಲೆಯ ರೀತಿಯಲ್ಲಿ ಗುಣಿಸಿ. ಆರು ಸಾಲುಗಳು, ಪ್ರತಿಯೊಂದೂ ಒಂದು ಸ್ಥಾನ ಎಡಕ್ಕೆ ಸರಿದದ್ದು. ಮೇಲಿನಿಂದ ಕೆಳಕ್ಕೆ ಕೂಡಿಸಿದಾಗ ಬಲತುದಿಯ ಸ್ಥಾನದಲ್ಲಿ ಒಂದು 1, ಮುಂದಿನದರಲ್ಲಿ ಎರಡು, ನಡುವೆ ಆರು, ಆಮೇಲೆ ಮತ್ತೆ ಕಡಿಮೆ. ಎಲ್ಲಿಯೂ ಮೊತ್ತ ಹತ್ತಾಗುವುದಿಲ್ಲ, ದಶಕ ಒಯ್ಯುವ ಕೆಲಸವಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ: 12345678987654321. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಸ್ಥಾನದಲ್ಲಿ ಹತ್ತು ಬಂದು, ದಶಕ ಎಡಕ್ಕೆ ಹೋಗಿ ಹಾರ ಹರಿಯುತ್ತದೆ. ಆಗಿನ ಉತ್ತರ 1234567900987654321.

ಇಲ್ಲಿ ಒಂದು ಸೂಕ್ಷ್ಮವಿದೆ. ಹಾರದ ಈ ಚೆಲುವು ಸಂಖ್ಯೆಯದಲ್ಲ, ನಾವು ಹತ್ತರ ಸ್ಥಾನಗಳಲ್ಲಿ ಅದನ್ನು ಬರೆಯುವ ಕ್ರಮದ್ದು. ಕಂಪ್ಯೂಟರ್ ಇದೇ ಸಂಖ್ಯೆಯನ್ನು ಸೊನ್ನೆ, ಒಂದುಗಳಲ್ಲೇ ಬರೆಯುತ್ತದೆ. ಅಲ್ಲಿ ಅದು 101 ಎಂದು ಆರಂಭವಾಗಿ 001 ಎಂದು ಮುಗಿಯುತ್ತದೆ. ಏರಿಳಿತವೂ ಇಲ್ಲ, ಎರಡು ಕಡೆಯ ಹೊಂದಿಕೆಯೂ ಇಲ್ಲ.

ಹೇಗೆ ಬರೆದರೂ ಬದಲಾಗದ ಗುಣಗಳು ಬೇರೆ. 111 ಎಂದರೆ 3×37. 1001 ಎಂದರೆ 7×11×13. ಇವೆರಡರ ಗುಣಲಬ್ಧ 111111. ಆದ್ದರಿಂದ ನಮ್ಮ ಸಂಖ್ಯೆಯಲ್ಲಿ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಎರಡೆರಡು ಸಲ ಇವೆ. ಒಂದು ಭಾಜಕವನ್ನು ಕಟ್ಟುವಾಗ ಪ್ರತಿ ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೇ ಎರಡು ಸಲ. ಹೀಗೆ ಮೂರು ದಾರಿ ಐದು ಬಾರಿ: 3×3×3×3×3, ಅಂದರೆ 243 ಭಾಜಕಗಳು.

ಆಚಾರ್ಯರದೇ ಇನ್ನೊಂದು ಲೆಕ್ಕ 152207×73. ಉತ್ತರವನ್ನು ನೀವೇ ತೆಗೆಯಿರಿ. ಅದಕ್ಕೆ ಭಾಜಕಗಳು ಹದಿನಾರು.