ಬಿಸಿನೀರಿನ ತೊಟ್ಟಿಯಲ್ಲಿ ಹೆರಿಗೆ

ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಹೊಯ್ಯುವುದು ನಮ್ಮ ಮನೆಗಳಲ್ಲಿ ಹೊಸತಲ್ಲ. ಆದರೆ ಹೆರಿಗೆಗೆ ಮುನ್ನವೇ, ನೋವು ತಿನ್ನುತ್ತಿರುವ ಹೆಂಗಸನ್ನು ಬಿಸಿನೀರಿನ ತೊಟ್ಟಿಯಲ್ಲಿ ಕುಳ್ಳಿರಿಸುವ ಪದ್ಧತಿಯೊಂದುಂಟು. ಇದನ್ನು ಲೋಕದ ಗಮನಕ್ಕೆ ತಂದದ್ದು ಫ್ರಾನ್ಸಿನ ಪಿತಿವಿಯೇ ಎಂಬ ಸಣ್ಣ ಊರಿನ ಸರಕಾರಿ ಆಸ್ಪತ್ರೆ. ಅಲ್ಲಿ ವೈದ್ಯ ಮಿಶೆಲ್ ಒದಾಂ ಅವರು ಸೂಲಗಿತ್ತಿಯರಿಗೇ ಹೆರಿಗೆಯ ಮುಖ್ಯ ಹೊಣೆಯನ್ನು ಒಪ್ಪಿಸಿದ್ದರು. ತೊಟ್ಟಿಯನ್ನಿರಿಸಿದ್ದು ನೋವಿನ ಶಮನಕ್ಕೆ. ಕೆಲವರು ಮೇಲೇಳಲೊಲ್ಲದೆ ಅದರಲ್ಲಿಯೇ ಹೆತ್ತರು. ಇಂಥ ನೂರು ಹೆರಿಗೆಗಳ ವರದಿ 1983ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು.

ಮಗು ನೀರು ಕುಡಿಯದೇ ಎಂದು ಓದುಗರು ಕೇಳಬಹುದು. ಹೊಕ್ಕುಳಬಳ್ಳಿಯ ಮೂಲಕ ಆಮ್ಲಜನಕ ಒದಗುತ್ತಿರುವುದರಿಂದ ಆರೋಗ್ಯವಂತ ಶಿಶು ಸಾಮಾನ್ಯವಾಗಿ ಮುಖಕ್ಕೆ ಗಾಳಿ ಸೋಕುವವರೆಗೆ ಉಸಿರೆಳೆಯದು. ನೀರು ಮೈಬಿಸಿಯಷ್ಟು, ಎಂದರೆ ಸುಮಾರು 37 ಡಿಗ್ರಿ ಸೆಲ್ಸಿಯಸ್, ಇದ್ದರೆ ಸಾಕು. ಹುಟ್ಟಿದೊಡನೆ ಬಳ್ಳಿ ಜಗ್ಗದಂತೆ ಮಗುವನ್ನು ಮೇಲೆತ್ತಿ ತಾಯಿಯ ಎದೆಗೊರಗಿಸುವರು.

ಆದರೆ ಬಳಲಿದ ಶಿಶು ನೀರೊಳಗೇ ಉಸಿರೆಳೆಯುವ ಅಪಾಯವುಂಟು. ಅವಳಿ ಬಸಿರು, ದಿನ ತುಂಬದ ಹೆರಿಗೆ, ರಕ್ತದ ಒತ್ತಡ, ರಕ್ತಸ್ರಾವ ಇದ್ದವರಿಗೆ ಈ ಕ್ರಮ ಸಲ್ಲದು. ಬಾಡಿಗೆ ಕೋಣೆಯ ಬಚ್ಚಲಲ್ಲಿ ಇದನ್ನು ಪರೀಕ್ಷಿಸುವುದು ಅವಿವೇಕ.

ನೀರು ನೋವನ್ನು ತಗ್ಗಿಸೀತು; ಅಪಾಯವನ್ನು ಗುರುತಿಸುವುದು ಸೂಲಗಿತ್ತಿಯ ಕಣ್ಣು. ದಾದಿಯರಿಗೆ 18 ತಿಂಗಳ ಸೂಲಗಿತ್ತಿ ತರಬೇತಿ ನೀಡುವ ಮಾರ್ಗಸೂಚಿಯನ್ನು ಭಾರತ ಸರಕಾರವೂ 2018ರಲ್ಲಿ ಹೊರಡಿಸಿತು. ಹೆಂಡತಿಯನ್ನು ಯಾವುದೇ ಪ್ರಸೂತಿ ಕೇಂದ್ರಕ್ಕೆ ಕರೆದೊಯ್ಯುವ ಸಹೋದರರು ತೊಟ್ಟಿಯ ಅಂದಕ್ಕೆ ಮಾರುಹೋಗದೆ ಎರಡು ಪ್ರಶ್ನೆ ಕೇಳಲಿ: ಮಗುವಿನ ಎದೆಬಡಿತವನ್ನು ಆಲಿಸುವವರು ಯಾರು? ಶಸ್ತ್ರಚಿಕಿತ್ಸೆಯ ಆಸ್ಪತ್ರೆ ಎಷ್ಟು ನಿಮಿಷದ ದಾರಿ?