ವ್ಯವಸ್ಥಾ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ವಿಸ್ತರಣಶೀಲತೆ: ಒಂದು ವಿವೇಚನೆ

ಆಡುಭಾಷೆಗೆ ಹೊಸ ಪದವೊಂದು ಸೇರಲು ಯಾವ ಮಂಡಳಿಯ ಅನುಮತಿಯೂ ಬೇಕಾಗುವುದಿಲ್ಲ. 'ಬಸ್' ಎಂಬ ಪದ ಕನ್ನಡಕ್ಕೆ ಬಂದಾಗ ಬಸ್ಸು, ಬಸ್ಸಿಗೆ, ಬಸ್ಸಿನಲ್ಲಿ ಎಂಬ ರೂಪಗಳನ್ನು ಜನರೇ ಕಟ್ಟಿಕೊಂಡರು. ಪದ ಹೊಸದು, ವಿಭಕ್ತಿ ಪ್ರತ್ಯಯಗಳು ಹಳೆಯವು. ಗಣಕಕ್ಕೆ ಆದೇಶ ನೀಡುವ ಕೃತಕ ಭಾಷೆಗಳಿಗೆ ಈ ಸ್ವಾತಂತ್ರ್ಯ ತಾನಾಗಿ ಒದಗುವುದಿಲ್ಲ. ಬಳಕೆದಾರರು ಏನನ್ನು ಸೇರಿಸಬಹುದು, ಏನನ್ನು ಮುಟ್ಟಬಾರದು ಎಂಬುದನ್ನು ಭಾಷೆಯ ನಿರ್ಮಾಪಕರು ಮೊದಲೇ ನಿರ್ಧರಿಸಬೇಕಾಗುತ್ತದೆ. ಈ ಗುಣಕ್ಕೆ ವಿಸ್ತರಣಶೀಲತೆ ಎಂದು ಹೆಸರು. ಆಪರೇಟಿಂಗ್ ಸಿಸ್ಟಮ್‌ಗಳಂತಹ ತಳಹದಿಯ ತಂತ್ರಾಂಶಗಳನ್ನು ಬರೆಯುವ ವ್ಯವಸ್ಥಾ ಭಾಷೆಗಳಲ್ಲಿ ಈ ಪ್ರಶ್ನೆ ಹೇಗೆ ಎದುರಾಯಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹಿನ್ನೆಲೆ

ವ್ಯವಸ್ಥಾ ಭಾಷೆಯಲ್ಲಿ ಬರೆದ ಪಠ್ಯವನ್ನು ಕಂಪೈಲರ್ ಮುಂಚಿತವಾಗಿಯೇ ಯಂತ್ರಭಾಷೆಗೆ ಅನುವಾದಿಸುತ್ತದೆ. ಕೆಲಸ ನಡೆಯುವಾಗ ಅರ್ಥ ಹೇಳಿಕೊಡುವ ಮಧ್ಯವರ್ತಿ ಇರುವುದಿಲ್ಲ. ಆದ್ದರಿಂದ ಬಳಕೆದಾರರು ಸೇರಿಸಿದ ಹೊಸ ಅಂಶದ ಅರ್ಥವೂ ಅನುವಾದದ ಹಂತದಲ್ಲಿಯೇ ಇತ್ಯರ್ಥವಾಗಬೇಕು. ಅದರಿಂದ ಯಂತ್ರದ ವೇಗಕ್ಕೆ ಹೊರೆಯಾಗಬಾರದು.

ಡಗ್ಲಸ್ ಮೆಕಿಲ್ರಾಯ್ 1960ರಲ್ಲಿ ಪ್ರಕಟಿಸಿದ ಪ್ರಬಂಧವು ಮ್ಯಾಕ್ರೊಗಳ ಮೂಲಕ ಕಂಪೈಲರ್ ಭಾಷೆಗಳನ್ನು ವಿಸ್ತರಿಸುವ ಮಾರ್ಗವನ್ನು ತೋರಿಸಿತು. 1969 ಮತ್ತು 1971ರಲ್ಲಿ ಈ ವಿಷಯಕ್ಕೇ ಮೀಸಲಾದ ವಿಚಾರಸಂಕಿರಣಗಳು ನಡೆದವು. 1975ರಲ್ಲಿ ಥಾಮಸ್ ಸ್ಟ್ಯಾಂಡಿಶ್ ವಿಸ್ತರಣೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ತಿಳಿದ ಮಾತುಗಳಿಂದ ಹೊಸ ಮಾತನ್ನು ವಿವರಿಸುವುದು ಮೊದಲನೆಯದು; ಭಾಷೆಯಲ್ಲಿ ಇಲ್ಲದ ಸೌಲಭ್ಯವನ್ನು ಹೊರಗಿನಿಂದ ತಂದು ಜೋಡಿಸುವುದು ಎರಡನೆಯದು; ಅರ್ಥೈಸುವ ನಿಯಮಗಳನ್ನೇ ಬದಲಿಸುವುದು ಮೂರನೆಯದು. ಮೊದಲನೆಯದು ಸಾಮಾನ್ಯ ಬಳಕೆದಾರರಿಗೂ ಸಾಧ್ಯ. ಉಳಿದೆರಡಕ್ಕೆ ಕಂಪೈಲರಿನ ಒಳರಚನೆಯ ಅರಿವು ಬೇಕು. ಭಾಷೆಯನ್ನು ಬಳಸುವವರೇ ಅದನ್ನು ಬೇಕಾದಂತೆ ಬೆಳೆಸಿಕೊಳ್ಳುತ್ತಾರೆಂಬ ಆರಂಭದ ನಿರೀಕ್ಷೆ ಇಲ್ಲಿಯೇ ಮಿತಿಗೊಳಗಾಯಿತು.

ಸಿ: ಅಂಕೆಯಿಲ್ಲದ ಸ್ವಾತಂತ್ರ್ಯ

ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆಯ ಮ್ಯಾಕ್ರೊ ಕೇವಲ ಅಕ್ಷರಗಳ ಬದಲಾವಣೆ. ಅದಕ್ಕೆ ವ್ಯಾಕರಣದ ಅರಿವಿಲ್ಲ. 'ವರ್ಗ(ಸ) ಎಂದರೆ ಸ × ಸ' ಎಂದು ಮ್ಯಾಕ್ರೊ ಬರೆದು, ವರ್ಗ(3 + 1) ಎಂದು ಬಳಸಿದರೆ ಅದು 3 + 1 × 3 + 1 ಎಂದು ವಿಸ್ತರಿಸುತ್ತದೆ. ಬರಬೇಕಾದ ಉತ್ತರ 16, ಬರುವುದು 7. ಆವರಣ ಚಿಹ್ನೆಗಳನ್ನು ಹಾಕಿ ಈ ದೋಷವನ್ನು ತಪ್ಪಿಸಬಹುದಾದರೂ ಎಚ್ಚರದ ಹೊಣೆ ಬರೆಯುವವರ ಮೇಲೆಯೇ ಬೀಳುತ್ತದೆ.

ಇನ್ನೊಂದು ತೊಡಕು ಸಾಮಾಜಿಕವಾದುದು. 1979ರ ಯುನಿಕ್ಸ್ ಏಳನೆಯ ಆವೃತ್ತಿಯ ಶೆಲ್ಲನ್ನು ಬರೆದ ಸ್ಟೀಫನ್ ಬೋರ್ನ್, ಮ್ಯಾಕ್ರೊಗಳಿಂದ ಸಿ ಭಾಷೆಗೆ ಆಲ್ಗಾಲ್ 68ರ ವೇಷ ತೊಡಿಸಿದ್ದರು. ಬರೆದವರಿಗೆ ಅದು ಹಿತವಾದ ನುಡಿ. ಸಿ ಬಲ್ಲ ಇತರರು ಮಾತ್ರ ಆ ಪಠ್ಯವನ್ನು ಓದಲು ಹೊಸ ಉಪಭಾಷೆಯೊಂದನ್ನೇ ಕಲಿಯಬೇಕಾಯಿತು. ಮುಂದೆ ಆ ಪಠ್ಯವನ್ನು ಸಾಮಾನ್ಯ ಸಿ ರೂಪಕ್ಕೆ ಮರಳಿಸಲಾಯಿತು. ವಿಸ್ತರಣೆಯ ಸ್ವಾತಂತ್ರ್ಯ ಮಿತಿಮೀರಿದರೆ ಸಮುದಾಯದ ಸಾಮಾನ್ಯ ಭಾಷೆಯೇ ಒಡೆಯುತ್ತದೆ ಎಂಬುದಕ್ಕೆ ಇದು ನಿದರ್ಶನ.

ಸಿ ಪ್ಲಸ್ ಪ್ಲಸ್: ಹೊಸ ಪದ, ಹಳೆಯ ಪ್ರತ್ಯಯ

ಬ್ಯಾರ್ನೆ ಸ್ಟ್ರೌಸ್ಟ್ರುಪ್ 1979ರಲ್ಲಿ ಆರಂಭಿಸಿದ ಕೆಲಸ 1983ರಲ್ಲಿ ಸಿ ಪ್ಲಸ್ ಪ್ಲಸ್ ಎಂಬ ಹೆಸರು ಪಡೆಯಿತು. ಇಲ್ಲಿ ಬಳಕೆದಾರರು ಸಂಕೀರ್ಣ ಸಂಖ್ಯೆಯಂತಹ ಹೊಸ ದತ್ತಪ್ರಕಾರವನ್ನು ಕಟ್ಟಿ, ಅದಕ್ಕೆ ಕೂಡುವ ಚಿಹ್ನೆಯ ಅರ್ಥವನ್ನೂ ನೀಡಬಹುದು. ಆದರೆ ಹೊಸ ಚಿಹ್ನೆಯನ್ನು ಸೃಷ್ಟಿಸುವಂತಿಲ್ಲ. ಗುಣಾಕಾರವೇ ಮೊದಲು ಎಂಬ ಕ್ರಮವನ್ನು ಬದಲಿಸುವಂತಿಲ್ಲ. 'ಬಸ್ಸಿಗೆ' ಎಂಬ ರೂಪದಲ್ಲಿ ಕಾಣುವ ವ್ಯವಸ್ಥೆಯೇ ಇಲ್ಲಿಯೂ ಇದೆ: ನಾಮಪದಗಳ ಬಾಗಿಲು ತೆರೆದಿದೆ, ಪ್ರತ್ಯಯಗಳ ಬಾಗಿಲು ಮುಚ್ಚಿದೆ. ಬಳಸದ ಸೌಲಭ್ಯಕ್ಕೆ ಬೆಲೆ ತೆರಬೇಕಾಗಿಲ್ಲ ಎಂಬುದು ಈ ಭಾಷೆಯ ಮೂಲತತ್ತ್ವ. ಟೆಂಪ್ಲೇಟ್ ಎಂಬ ಸಾಮಾನ್ಯ ಮಾದರಿಯಿಂದ ಕಂಪೈಲರ್ ಒಂದೊಂದು ದತ್ತಪ್ರಕಾರಕ್ಕೂ ಪ್ರತ್ಯೇಕ ಯಂತ್ರಪಠ್ಯವನ್ನು ಸಿದ್ಧಪಡಿಸುತ್ತದೆ. ಇದರಿಂದ ವೇಗ ಉಳಿಯುತ್ತದೆ. ಅನುವಾದದ ಸಮಯ ಮತ್ತು ಪಠ್ಯದ ಗಾತ್ರ ಹೆಚ್ಚುತ್ತವೆ.

ರಸ್ಟ್: ಒಡೆತನದ ಮರ್ಯಾದೆ

ಗ್ರೇಡನ್ ಹೋರ್ 2006ರಲ್ಲಿ ಆರಂಭಿಸಿದ ರಸ್ಟ್ ಭಾಷೆಯ ಮೊದಲ ಸ್ಥಿರ ಆವೃತ್ತಿ 2015ರಲ್ಲಿ ಬಂದಿತು. 2022ರ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ 6.1 ಆವೃತ್ತಿ ಈ ಭಾಷೆಗೆ ಪ್ರವೇಶ ನೀಡಿತು. ಇದರ ಮ್ಯಾಕ್ರೊಗಳು ಬಿಡಿ ಅಕ್ಷರಗಳನ್ನಲ್ಲ, ಭಾಷೆಯ ಘಟಕಗಳನ್ನು ಗುರುತಿಸುತ್ತವೆ. ಆದ್ದರಿಂದ ಮೇಲೆ ಹೇಳಿದ 16ರ ಬದಲು 7 ಬರುವ ಪ್ರಮಾದ ಇಲ್ಲಿ ಸಂಭವಿಸುವುದಿಲ್ಲ.

ದತ್ತಪ್ರಕಾರವೊಂದು ಯಾವ ಕೆಲಸಗಳನ್ನು ಮಾಡಬಲ್ಲದು ಎಂಬ ಒಡಂಬಡಿಕೆಗೆ ಈ ಭಾಷೆಯಲ್ಲಿ ಟ್ರೇಟ್ ಎಂದು ಹೆಸರು. ಟ್ರೇಟನ್ನು ದತ್ತಪ್ರಕಾರಕ್ಕೆ ಜೋಡಿಸುವ ಹಕ್ಕು ಸ್ಥೂಲವಾಗಿ ಆ ಎರಡರಲ್ಲಿ ಒಂದನ್ನಾದರೂ ರಚಿಸಿದವರಿಗೆ ಮಾತ್ರ ಇದೆ. ಈ ನಿಯಮವಿಲ್ಲದಿದ್ದರೆ ಎರಡು ಗ್ರಂಥಾಲಯಗಳು ಒಂದೇ ಜೋಡಣೆಗೆ ಬೇರೆ ಬೇರೆ ಅರ್ಥ ನೀಡಿ, ಎರಡನ್ನೂ ಬಳಸುವವರಿಗೆ ಗೊಂದಲವಾಗುತ್ತಿತ್ತು. ಈ ನಿಯಮದಿಂದ ಅನನುಕೂಲವೂ ಇದೆ: ಬೇರೆಯವರ ಎರಡು ಕೃತಿಗಳನ್ನು ಕೂಡಿಸಬಯಸುವ ಮೂರನೆಯವರು ಹೊಸ ಹೊದಿಕೆಯ ಪ್ರಕಾರವೊಂದನ್ನು ಕಟ್ಟಿಕೊಳ್ಳಬೇಕಾಗುತ್ತದೆ.

ಬಳಕೆಯಲ್ಲಿ ನೆಲೆಗೊಂಡದ್ದು ವ್ಯಾಕರಣವಾಗುವ ಕ್ರಮವನ್ನೂ ಇಲ್ಲಿ ಕಾಣಬಹುದು. ದೋಷ ಕಂಡಲ್ಲಿಂದಲೇ ಹಿಂದಿರುಗಲು ಬಳಸುತ್ತಿದ್ದ 'ಟ್ರೈ' ಎಂಬ ಮ್ಯಾಕ್ರೊದ ಕೆಲಸವನ್ನು 2016ರ ನವೆಂಬರಿನಿಂದ ಭಾಷೆಯ ಭಾಗವಾಗಿಯೇ ಬಂದ ಪ್ರಶ್ನಾರ್ಥಕ ಚಿಹ್ನೆ ವಹಿಸಿಕೊಂಡಿತು. 2018ರ ಪರಿಷ್ಕರಣದಲ್ಲಿ 'ಟ್ರೈ' ಪದವನ್ನು ಭಾಷೆಗೇ ಕಾಯ್ದಿರಿಸಲಾಯಿತಾದರೂ 2015ರ ಪರಿಷ್ಕರಣದಲ್ಲಿ ಬರೆದ ಪಠ್ಯಗಳು ಅಸಿಂಧುವಾಗಲಿಲ್ಲ. ಎರಡು ಪರಿಷ್ಕರಣಗಳ ಪಠ್ಯಗಳು ಒಂದೇ ತಂತ್ರಾಂಶದಲ್ಲಿ ಕೂಡಿ ಬಾಳಬಲ್ಲವು.

ಉಪಸಂಹಾರ

ಈ ಮೂರು ಭಾಷೆಗಳನ್ನು ಒಟ್ಟಾಗಿ ನೋಡಿದಾಗ, ವಿಸ್ತರಣಶೀಲತೆ ಎಂಬುದು ಕೇವಲ ತಾಂತ್ರಿಕ ಸೌಲಭ್ಯವಲ್ಲ, ಅಧಿಕಾರದ ಹಂಚಿಕೆಯೂ ಹೌದು ಎಂಬುದು ವೇದ್ಯವಾಗುತ್ತದೆ. ಸೇರಿಸುವ ಹಕ್ಕನ್ನು ನಿರಾಕರಿಸಿದರೆ ಬಳಕೆದಾರರು ನಿರ್ಮಾಪಕರ ಬಾಗಿಲಲ್ಲಿ ಕಾಯಬೇಕು. ಅದನ್ನು ಮಿತಿಯಿಲ್ಲದೆ ನೀಡಿದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯದು. ಆಡುಭಾಷೆಯಲ್ಲಿ ಈ ಎಲ್ಲೆಯನ್ನು ಕಾಲ ಮತ್ತು ಬಳಕೆ ತಾವೇ ಗೊತ್ತುಮಾಡುತ್ತವೆ. ಕೃತಕ ಭಾಷೆಯ ನಿರ್ಮಾಪಕರು ಅದನ್ನು ಮುಂಚಿತವಾಗಿ ಬರೆದಿಡಬೇಕಾಗುತ್ತದೆ. ಮುಂದಿನ ಬಳಕೆ ಅದನ್ನು ತಿದ್ದಲು ಅವಕಾಶವನ್ನೂ ಉಳಿಸಬೇಕಾಗುತ್ತದೆ.