ಬಡಿಸುವ ಕೈಗೂ ಒಂದು ಎಲೆ

ಮನೆಯವರಿಗೆಲ್ಲ ಬಡಿಸಿ, ಕೊನೆಗೆ ಆರಿದ ಅನ್ನಕ್ಕೆ ತಳದ ಸಾರು ಕಲಸಿಕೊಂಡು ಉಣ್ಣುವವರು ನಾವು, ಅಲ್ಲವೇ? ಮದುವೆ ಜವಳಿಗೆಂದು ಬೆಂಗಳೂರಿಗೆ ಹೋದಾಗಲೂ "ನನಗೊಂದು ಕಾಫಿ ಸಾಕು" ಎಂದು ಹಸಿದುಕೊಂಡೇ ಬಸ್ಸು ಹತ್ತುತ್ತೇವೆ. ಮುಂದಿನ ಸಲ ಹಾಗೆ ಮಾಡಬೇಡಿ. ನಾಲ್ಕು ಜನ ಗೆಳತಿಯರು ಸೇರಿ, ಒಂದೊಂದು ಸಲ ಒಂದೊಂದು ಹೋಟೆಲಿನ ಊಟ ಮಾಡಿ ನೋಡಿ. ಇಷ್ಟು ದುಡ್ಡಿಗೆ ಇಷ್ಟು ಊಟ ಅಂತ ಬೋರ್ಡಿನ ಮೇಲೇ ಇರುವುದರಿಂದ ಪಾಲು ಹಂಚಿಕೊಳ್ಳುವುದೂ ಸುಲಭ. "ಹೆಂಗಸರಷ್ಟೇ ಹೋಗಿ ಹೋಟೆಲಲ್ಲಿ ಕೂರೋದೇ?" ಎಂದು ಮನೆಯಲ್ಲಿ ಕೇಳಿದರೆ ಹೌದು ಅನ್ನಿ. ಬೆಳಿಗ್ಗೆ ಐದಕ್ಕೇ ಎದ್ದು ಎರಡು ಹೊತ್ತಿನ ಅಡುಗೆ ಮಾಡಿಟ್ಟು ಹೊರಡುವುದಂತೂ ಬೇಡವೇ ಬೇಡ!

1924ರಲ್ಲಿ ಹುಟ್ಟಿದ ಎಂ.ಟಿ.ಆರ್. ಹೆಸರನ್ನು ಕೇಳದವರಾರು? ಲಾಲ್‌ಬಾಗ್ ರಸ್ತೆಯ ಅವರ ಹೋಟೆಲಿನಲ್ಲಿ ಊಟ ಶುರುವಾಗುವುದೇ ಬೆಳ್ಳಿ ಲೋಟದ ಹಣ್ಣಿನ ರಸದಿಂದ. ಕೋಸಂಬರಿ, ಪಲ್ಯ, ಬಿಸಿಬೇಳೆಭಾತು, ಅನ್ನ-ಸಾರು, ಮೊಸರನ್ನ ಒಂದಾದ ಮೇಲೊಂದು ಬರುತ್ತವೆ. ಬಿಸಿಬೇಳೆಭಾತಿಗೇ ಹೊಟ್ಟೆ ತುಂಬಿಸಿಕೊಂಡರೆ ಮುಂದಿನದಕ್ಕೆ ಜಾಗವಿರದು, ಜೋಕೆ.

ರೆಸಿಡೆನ್ಸಿ ರಸ್ತೆಯ ನಾಗಾರ್ಜುನದಂಥ ಆಂಧ್ರ ಹೋಟೆಲಿನ ಗತ್ತೇ ಬೇರೆ. ಬಾಳೆಎಲೆ, ಬಿಸಿ ಅನ್ನ, ಪಪ್ಪು, ತುಪ್ಪ, ಪುಡಿ, ಗೋಂಗುರ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಕೈ ನಿಲ್ಲದು. ನನ್ನನ್ನು ಕೇಳಿದರೆ ನನ್ನ ಓಟು ಇದಕ್ಕೇ.

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಉತ್ತರ ಕರ್ನಾಟಕದ ಊಟವೂ ನಗರದಲ್ಲಿ ಸಿಗುತ್ತದೆ. ರೊಟ್ಟಿ ಎಷ್ಟು ಕೊಡುತ್ತೀರಿ, ಮೇಲೆ ಹಾಕಿಸಿಕೊಂಡರೆ ಬೇರೆ ದುಡ್ಡೇ ಎಂದು ಮೊದಲೇ ಕೇಳಿಬಿಡಿ. ಫುಲ್ ಮೀಲ್ಸ್ ಯಾವುದು, ಒಂದೇ ಸಲ ಬಡಿಸುವ ಪ್ಲೇಟ್ ಊಟ ಯಾವುದು ಅನ್ನುವುದನ್ನೂ ಅಷ್ಟೇ.

ಹೋಲಿಸುವಾಗ ಬಟ್ಟಲು ಎಣಿಸಬೇಡಿ. ಹನ್ನೆರಡು ಬಟ್ಟಲಿಟ್ಟು, ನಾಲ್ಕರಲ್ಲಿ ಒಂದೇ ಮಸಾಲೆಯ ಗೊಜ್ಜು ತುಂಬಿಸಿದ ಹೋಟೆಲನ್ನೂ ನಾವು ಕಂಡಿದ್ದೇವೆ. ನಮ್ಮ ಗೆಳತಿಯರ ಪರೀಕ್ಷೆ ಸಾರಿನಿಂದ. ಅಡುಗೆಯವನ ಕೈ ಎಂಥದೆಂದು ಅದೊಂದೇ ಹೇಳುತ್ತದೆ. ಎರಡನೇ ಸಲ ಬಡಿಸಲು ಬಂದವರು ಮುಖ ಸಿಂಡರಿಸುತ್ತಾರೋ, "ಇನ್ನೊಂಚೂರು ಹಾಕಲೇನಮ್ಮಾ?" ಅನ್ನುತ್ತಾರೋ ಅದನ್ನೂ ಗಮನಿಸಿ. ಹಾಗೆ ಕೇಳಿಸಿಕೊಂಡು ನಮಗೆ ಎಷ್ಟು ದಿನವಾಯಿತು!

ಬಿಲ್ಲಿನಲ್ಲಿ ಜಿ.ಎಸ್.ಟಿ. ಇದ್ದರೆ ಸರಿ. ಆದರೆ ಸರ್ವಿಸ್ ಚಾರ್ಜನ್ನು ಬಲವಂತವಾಗಿ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಸಂಕೋಚಪಡದೆ ತೆಗೆಸಿ.

ಅಂದ ಹಾಗೆ, ಆ ಆಂಧ್ರದ ಪುಡಿ ಮನೆಯಲ್ಲೂ ಕಷ್ಟವಲ್ಲ. ಒಂದು ಬಟ್ಟಲು ಹುರಿಗಡಲೆಗೆ ಹುರಿದ ಒಣಮೆಣಸಿನಕಾಯಿ 8, ಬೆಳ್ಳುಳ್ಳಿ 5 ಎಸಳು, ಅರ್ಧ ಚಮಚ ಜೀರಿಗೆ, ಉಪ್ಪು. ಬೆಳ್ಳುಳ್ಳಿಯನ್ನು ಕೊನೆಗೆ ಹಾಕಿ ಒಂದು ಸುತ್ತು ತಿರುಗಿಸಿದರೆ ಆಯಿತು. ಮೊದಲೇ ಹಾಕಿದರೆ ಪುಡಿ ಮುದ್ದೆ ಕಟ್ಟುತ್ತದೆ.